ಹಬ್ಬದ ಮನೆಯಲ್ಲಿ ಕವಡೆಯ ಸದ್ದು

ಶ್ರಾವಣ ಮಾಸ ಬಂದಿತೆಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ತವರಿಗೆ ಬರುವ ಹೆಣ್ಣುಮಕ್ಕಳ ದಾರಿ ಕಾಯುವುದು ಹಿಂದಿನಿಂದ ಬಂದ ವಾಡಿಕೆ. ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುವುದು, ಬಗೆಬಗೆಯ ಉಂಡಿಗಳನ್ನು ಕಟ್ಟಿ ಡಬ್ಬಿ ತುಂಬಿಡುವುದು, ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಚೌಕಾಬಾರಕ್ಕೆ ಕೂಡುವುದು, ಇವೆಲ್ಲ ಒಂದೇ ಸಂಭ್ರಮದ ಅಂಗಗಳಾಗಿದ್ದವು. ಮಹಾಶಿವರಾತ್ರಿಯ ಜಾಗರಣೆಯಲ್ಲಿಯೂ ಪೂಜೆ, ಭಜನೆಗಳ ನಡುವಿನ ಹೊತ್ತಿನಲ್ಲಿ ನಿದ್ದೆಯನ್ನು ದೂರವಿಡಲು ಹಿರಿಯರು ಪಗಡೆಯ ಹಾಸನ್ನು ಬಿಡಿಸುತ್ತಿದ್ದರು. ಹೀಗೆ ಹಬ್ಬಕ್ಕೂ ಆಟಕ್ಕೂ ನಮ್ಮಲ್ಲಿ ಹಳೆಯ ನಂಟು.

ಇಂದು ಹಬ್ಬಕ್ಕೆ ಬರುವವರ ಸಂಖ್ಯೆ ಕಡಿಮೆಯಾಗಿಲ್ಲ. ಬೆಂಗಳೂರು, ಪುಣೆಗಳಿಂದ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ, ಮನೆ ತುಂಬುತ್ತದೆ. ಆದರೆ ಹದಿನೈದು ಜನ ಸೇರಿದ ಪಡಸಾಲೆಯಲ್ಲಿ ಹದಿನೈದು ಮೊಬೈಲುಗಳು ಬೆಳಗುತ್ತಿರುತ್ತವೆ, ಮಾತು ಮಾತ್ರ ಕೇಳಿಸುವುದಿಲ್ಲ. ಇದಕ್ಕೆ ಮೊಬೈಲನ್ನು ಬೈಯುವುದು ಸುಲಭ. ನಿಜವಾದ ಕೊರತೆ ಬೇರೆ ಇದೆ ಎಂಬುದು ನಮ್ಮ ಭಾವನೆ. ಅಜ್ಜ ಮೊಮ್ಮಗನನ್ನು “ಎಷ್ಟನೆಯ ಇಯತ್ತೆ?” ಎಂದು ಕೇಳುತ್ತಾರೆ. ಅವನು ಉತ್ತರಿಸುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಇಬ್ಬರಿಗೂ ಸಮಾನವಾದ ವಿಷಯವೇ ಇಲ್ಲ. ಆಟವು ಒದಗಿಸುವುದು ಅಂತಹ ವಿಷಯವನ್ನು. 2020ರ ಲಾಕ್‌ಡೌನ್ ಕಾಲದಲ್ಲಿ ದೂರದೂರದ ಊರುಗಳಲ್ಲಿ ಸಿಕ್ಕಿಕೊಂಡಿದ್ದ ಬಂಧುಗಳು ಮೊಬೈಲಿನಲ್ಲಿಯೇ ಲೂಡೋ ಆಡಿ ಸಮಾಧಾನ ಪಟ್ಟರಲ್ಲವೇ? ಕೂಡಿ ಆಡುವ ಹಂಬಲ ನಮ್ಮಲ್ಲಿ ಸತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಆ ಲೂಡೋ ಕೂಡ ಪರಕೀಯವಲ್ಲ. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆ ಆಟ ನಮ್ಮ ನಾಡಿನ ಪಚ್ಚೀಸಿಯ ಮಗುವೇ ಸರಿ. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರೇ ಪಗಡೆಯಾಡುತ್ತಿರುವ ಶಿಲ್ಪಗಳಿವೆ. ಹಂಪಿಯ ಮಂಟಪಗಳಲ್ಲಿ ನೆಲದ ಹಾಸುಗಲ್ಲುಗಳ ಮೇಲೆ ಯಾರೋ ಕೆತ್ತಿದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಮಣೆಯಾಟಗಳನ್ನು ತಾವೇ ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲಾಗಿದೆ. ಅರಸರಿಗೂ ದಾರಿಹೋಕರಿಗೂ ಒಂದೇ ಬಗೆಯ ವಿನೋದವಿದ್ದ ನಾಡು ನಮ್ಮದು.

ಚೌಕಾಬಾರವನ್ನೇ ನೋಡೋಣ. ಕೆಲವೆಡೆ ಇದನ್ನು ಚಕ್ಕಾ ಎನ್ನುತ್ತಾರೆ, ಕೆಲವೆಡೆ ಕಟ್ಟೆಮನೆ ಎನ್ನುತ್ತಾರೆ. ಉದ್ದಕ್ಕೆ ಐದು, ಅಗಲಕ್ಕೆ ಐದು, ಒಟ್ಟು 25 ಮನೆಗಳು. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿಗಳೆಂದರೆ ಹುಣಸೆಬೀಜ, ಬಳೆಚೂರು, ಗುಂಡಿ, ಕಡ್ಡಿ, ಕೈಗೆ ಸಿಕ್ಕಿದ್ದು. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಈ ಎರಡು ಗರಗಳಿಗೆ ಮತ್ತೊಮ್ಮೆ ಎಸೆಯುವ ಹಕ್ಕು. ಎದುರಾಳಿಯ ಕಾಯಿ ಇರುವ ಮನೆಗೆ ಬಂದರೆ ಅದನ್ನು ಕಡಿಯಬಹುದು, ಆದರೆ ಅಡ್ಡಗೆರೆ ಎಳೆದ ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಹಲವು ಮನೆಗಳ ನಿಯಮ. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಯನ್ನು ಹಣ್ಣಾಯಿತು ಎನ್ನುತ್ತಾರೆ. ಎಷ್ಟು ಸೊಗಸಾದ ಮಾತು!

ಕವಡೆ ಎರಡು ಬದಿಗೂ ಸಮನಾಗಿ ಬೀಳುವುದೆಂದು ಎಣಿಸಿದರೆ, ನಾಲ್ಕು ಕವಡೆಗಳು 16 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಬೀಳುವ ಬಗೆ 6, ಒಂದು ಮತ್ತು ಮೂರು ಬೀಳುವ ಬಗೆಗಳು ನಾಲ್ಕು ನಾಲ್ಕು, ನಾಲ್ಕು ಮತ್ತು ಎಂಟಕ್ಕೆ ಒಂದೊಂದೇ. ನಿಜವಾದ ಕವಡೆಗಳು ಅಷ್ಟು ಸಮನಾಗಿ ಬೀಳುವುದಿಲ್ಲವೆಂಬುದು ಬೇರೆ ಮಾತು. ಶಾಲೆಯಲ್ಲಿ ಸಂಭವನೀಯತೆಯ ಪಾಠ ಕಲಿಯುವ ಮಗು ನೂರು ಸಲ ಎಸೆದು ಬರೆದಿಟ್ಟುಕೊಂಡರೆ ಈ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಇದು ಎಂದೋ ತಿಳಿದಿದೆ. ತನ್ನ ಕಾಯಿಯ ಎರಡು ಮನೆ ಹಿಂದೆ ಎದುರಾಳಿ ಕುಳಿತಿದ್ದರೆ ಆಕೆ ಅಲ್ಲಿ ನಿಲ್ಲುವುದೇ ಇಲ್ಲ.

ಆಟದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ನಾವು ಬಲ್ಲ ಒಂದು ಮನೆಯಲ್ಲಿ ಜಮೀನಿನ ಪಾಲಿನ ಕಾರಣಕ್ಕೆ ಅಣ್ಣತಮ್ಮಂದಿರ ನಡುವೆ ಆರು ವರ್ಷ ಮಾತಿರಲಿಲ್ಲ. ವೃದ್ಧ ತಾಯಿಯ ಸಲುವಾಗಿ ಇಬ್ಬರೂ ದೀಪಾವಳಿಗೆ ಬರುತ್ತಿದ್ದರು. ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಕೂಡುತ್ತಿದ್ದರು. ಒಂದು ವರ್ಷ ಮಕ್ಕಳು ಚೌಕಾಬಾರಕ್ಕೆ ಆಳು ಸಾಲದೆ ದೊಡ್ಡಪ್ಪನನ್ನೂ ಕಾಕಾನನ್ನೂ ಕೈಹಿಡಿದು ಎಳೆತಂದು ಕೂಡಿಸಿದರು. ಆಟ ನಡೆಯಿತು. ಅಣ್ಣನ ಕಾಯಿ ತಮ್ಮನ ಗರಕ್ಕೆ ಸರಿಯಾಗಿ ಸಿಕ್ಕಿತು. ತಮ್ಮ ಕೈ ತಡೆದು ಬೇರೆ ಕಾಯಿ ಮುಟ್ಟಿದ. ಆಗ ಅಣ್ಣ ಹೇಳಿದ್ದು ಇಷ್ಟೇ: “ಕಡಿಯೋ ತಮ್ಮಾ, ನಂದಂತ ಬಿಡಬ್ಯಾಡ.” ವ್ಯಾಜ್ಯ ಅಂದಿಗೆ ಮುಗಿಯಲಿಲ್ಲ, ಇಂದಿಗೂ ಕೋರ್ಟಿನಲ್ಲಿದೆ. ಆದರೆ ಮರುವರ್ಷದಿಂದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೆ. ಆ ತಾಯಿಗೆ ಅಷ್ಟು ಸಾಕಾಗಿತ್ತು.

ಹಾಗೆಂದು ಆಟ ಸದಾ ಒಳಿತನ್ನೇ ಮಾಡುವುದೆಂದು ನಾವು ಹೇಳಲಾರೆವು. ತುಳುನಾಡಿನ ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸಹೋದರಿಯರು ಚೆನ್ನೆಮಣೆಯಾಡುತ್ತ ಜಗಳವಾಡಿ, ಮಣೆಯ ಪೆಟ್ಟಿನಿಂದ ಒಬ್ಬಳು ಸತ್ತು, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಆ ಸೀಮೆಯಲ್ಲಿದೆ. ಸೋಲುಗೆಲುವಿನ ಕಿಚ್ಚು ರಕ್ತಸಂಬಂಧವನ್ನೂ ಸುಡಬಲ್ಲದೆಂಬ ಎಚ್ಚರ ಜನಪದರಿಗಿತ್ತು. ಆದುದರಿಂದ ಮನೆಯ ಹಿರಿಯರು ಮೂರು ಸಂಗತಿಗಳನ್ನು ಗಮನದಲ್ಲಿಡಬೇಕೆಂದು ನಮ್ಮ ವಿನಂತಿ.

ಮೊದಲನೆಯದು, ಪಣ ಬೇಡ. ದೀಪಾವಳಿಯ ನೆಪದಲ್ಲಿ ಇಸ್ಪೀಟಿಗೆ ಕುಳಿತು ಹಣ ಕಳೆದುಕೊಂಡ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಪಾಂಡವರು ಕಾಡು ಸೇರಿದ್ದು ಪಗಡೆಯಿಂದಲ್ಲ, ಪಣದಿಂದ. ಹತ್ತು ರೂಪಾಯಿಯಾದರೂ ಹಣ ಹಣವೇ. ಮಗು ಅದನ್ನೇ ಮೊದಲು ಕಲಿಯುತ್ತದೆ.

ಎರಡನೆಯದು, ಮಕ್ಕಳನ್ನು ಬೇಕೆಂದೇ ಗೆಲ್ಲಿಸಬೇಡಿರಿ. ಸೋತ ಮಗು ಅತ್ತರೆ ಅಳಲಿ. ಹಣ್ಣಾಗಲು ಒಂದೇ ಮನೆ ಉಳಿದಿದ್ದಾಗ ಕಾಯಿ ಕಡಿಸಿಕೊಂಡು ಮತ್ತೆ ಮೊದಲಿನಿಂದ ಹೊರಡುವುದನ್ನು ಅಜ್ಜನ ಮಡಿಲ ಬಳಿ ಕಲಿತವನಿಗೆ, ಮುಂದೆ ಪರೀಕ್ಷೆಯಲ್ಲಿ, ವ್ಯಾಪಾರದಲ್ಲಿ ಅಂತಹ ಪ್ರಸಂಗ ಬಂದಾಗ ಧೃತಿಗೆಡದಿರುವ ಬಲವಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಎಲ್ಲರೂ ಆಡುತ್ತಿದ್ದಾರೆ ಎಂದು ನಾವು ಸಂತೋಷಪಡುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿರುವವರು ಯಾರು? ಚಹಾ ತಂದಿಟ್ಟು, ನಿಂತಲ್ಲಿಯೇ ಒಂದು ಗರ ನೋಡಿ, ಮತ್ತೆ ಒಳಗೆ ಹೋಗುವ ಸೊಸೆಯೂ ಈ ಮನೆಯವಳೇ ಅಲ್ಲವೇ? ಪಂಚಮಿಗೆ ತವರಿನಲ್ಲಿ ಆಡಿ ನಲಿದ ಹೆಣ್ಣುಮಗಳು ಗಂಡನ ಮನೆಯ ಹಬ್ಬದಲ್ಲಿ ನೋಡುಗಳಾಗಿಯೇ ಉಳಿಯುವುದು ನ್ಯಾಯವಲ್ಲ. ಅಡುಗೆಯ ಕೆಲಸವನ್ನು ಗಂಡಸರೂ ಹಂಚಿಕೊಂಡು ಬೇಗ ಮುಗಿಸಲಿ. ಒಲೆ ಆರಿದ ಮೇಲೆಯೇ ಕವಡೆ ಕೈಗೆ ಬರಲಿ. ಅತ್ತೆಯ ಕಾಯಿಯನ್ನು ಸೊಸೆ ಕಡಿದಾಗ ಇಬ್ಬರೂ ನಕ್ಕರೆ ಆ ಮನೆಯ ಅರ್ಧ ತೊಡಕು ಬಿಡಿಸಿದಂತೆಯೇ.

ಇನ್ನೊಂದು ಮಾತು. ಹಲವು ಮನೆಗಳ ಅಟ್ಟದ ಮೇಲೆ ಅಳಿಗುಳಿಮಣೆಯೊಂದು ಧೂಳು ಹಿಡಿದು ಮಲಗಿರುತ್ತದೆ. ಎರಡು ಸಾಲಿನಲ್ಲಿ ಏಳೇಳು ಕುಳಿಗಳಿರುವ ಆ ಮಣೆಯ ನಿಯಮಗಳು ಮನೆಯಿಂದ ಮನೆಗೆ, ಊರಿಂದ ಊರಿಗೆ ಬೇರೆ. ನಿಮ್ಮ ಮನೆಯ ಪದ್ಧತಿಯನ್ನು ಬಲ್ಲವರು ಬಹುಶಃ ಒಬ್ಬರೇ ಉಳಿದಿದ್ದಾರೆ. ಎಂಬತ್ತು ದಾಟಿ, ಮೂಲೆಯ ಮಂಚದಲ್ಲಿ, ಯಾರಾದರೂ ಬಂದು ಏನಾದರೂ ಕೇಳಲಿ ಎಂದು ಕಾಯುತ್ತಿದ್ದಾರೆ. ಬರುವ ಹಬ್ಬದಲ್ಲಿ ಆ ಮಣೆಯನ್ನು ಇಳಿಸಿ, ಒರೆಸಿ, ಅವರ ಮುಂದಿಡಿರಿ. ಮೊಮ್ಮಕ್ಕಳು ಹುಣಸೆಬೀಜ ಎಣಿಸಲಿ, ಅಜ್ಜಿ ಹೇಳಿದ ನಿಯಮವನ್ನು ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ಅಜ್ಜಿಯ ಕೈ ನಡುಗಿ ಬೀಜ ಚೆಲ್ಲಿದರೆ ಆರಿಸಿಕೊಡಲು ಅಲ್ಲಿ ಹತ್ತು ಪುಟ್ಟ ಕೈಗಳಿರುತ್ತವೆ.