ಬೋರ್ಡು ಬೇರೆ, ಪೈಪು ಒಂದೇ

ನಮ್ಮ ಭಾವ ಪೆಟ್ರೋಲ್ ಹಾಕಿಸಲು ಮನೆ ಪಕ್ಕದ ಬಂಕಿಗೆ ಹೋಗುವುದಿಲ್ಲ. ನಾಲ್ಕು ಕಿಲೋಮೀಟರ್ ಆಚೆ, ಎರಡು ಸಿಗ್ನಲ್ ದಾಟಿ, ಒಂದು ಯೂಟರ್ನ್ ಹೊಡೆದು, ತಮಗೆ ಬೇಕಾದ ಕಂಪನಿಯ ಬೋರ್ಡು ಇರುವ ಬಂಕಿಗೇ ಹೋಗುತ್ತಾರೆ. ಯಾಕೆ ಅಂದರೆ, "ನಿಂಗೆ ಗೊತ್ತಾಗಲ್ಲ ಕಣೋ, ಅಲ್ಲಿ ಹಾಕ್ಸಿದ್ರೆ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬರ್ತದೆ" ಅನ್ನುತ್ತಾರೆ. ಹೋಗಿಬರುವ ಎಂಟು ಕಿಲೋಮೀಟರನ್ನು ಆ ಲೆಕ್ಕದಲ್ಲಿ ಕಳೆದಿದ್ದೀರಾ ಅಂತ ಒಮ್ಮೆ ಕೇಳಿದೆ. ಅಷ್ಟರಲ್ಲಿ ಅಕ್ಕ ಕಾಫಿ ತಂದಳು, ಮಾತು ಬೇರೆ ಕಡೆ ತಿರುಗಿತು.

ಇಂಥದೊಂದು ನಂಬಿಕೆಯ ಬಂಕು ಇಲ್ಲದ ಗಾಡಿ ಮಾಲೀಕ ನನಗಂತೂ ಸಿಕ್ಕಿಲ್ಲ. ಆಟೋದವರಿಗೆ ಒಂದು, ಕ್ಯಾಬಿನವರಿಗೆ ಒಂದು, ಬುಲೆಟ್ ಹುಡುಗರಿಗೆ ಇನ್ನೊಂದು. ನಮ್ಮ ಬೀದಿಯ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮಸಿ ನೋಡಿ, ಡಾಕ್ಟರು ನಾಲಿಗೆ ನೋಡಿ ಏನು ತಿಂದಿರಿ ಎಂದು ಕೇಳುವ ಹಾಗೆ "ಎಲ್ಲಿ ಹಾಕ್ಸಿದ್ರಿ ಸಾರ್?" ಅನ್ನುತ್ತಾನೆ. ಕೆಲವು ಹಿರಿಯರ ಬಾಯಲ್ಲಿ ಅವರ ನಂಬಿಕೆಯ ಬಂಕು ಇವತ್ತಿಗೂ 'ಬರ್ಮಾ ಶೆಲ್ ಬಂಕು'. ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ವಶವಾಗಿ, ಆಮೇಲೆ ಭಾರತ್ ಪೆಟ್ರೋಲಿಯಂ ಆಗಿ ಸುಮಾರು ಅರ್ಧ ಶತಮಾನವಾಯಿತು. ಹುಲಿಯ ಚಿತ್ರದ ಎಸ್ಸೊ ಅದಕ್ಕೂ ಮುಂಚೆ, 1974ರಲ್ಲೇ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ಆಮೇಲೆ ಕ್ಯಾಲ್ಟೆಕ್ಸ್ ಕೂಡ ಅದರೊಳಗೇ ಕರಗಿತು. ಬೋರ್ಡಿಗೆ ಹೊಸ ಬಣ್ಣ ಬಂತು, ನೆಲದಡಿಯ ಟ್ಯಾಂಕು ಇದ್ದಲ್ಲೇ ಇತ್ತು.

ಕಂಪನಿ ಬದಲಾದರೆ ಪೆಟ್ರೋಲೂ ಬದಲಾಗುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಬಂಕು ಬಿಟ್ಟು ಮಂಗಳೂರಿಗೆ ಹೋಗಬೇಕು. ಅಲ್ಲಿನ ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯದ ಕಾರ್ಖಾನೆ. ಅಲ್ಲಿಂದ ಹೊರಟ ಒಂದು ಪೈಪ್‌ಲೈನ್ ಪಶ್ಚಿಮ ಘಟ್ಟ ಹತ್ತಿ, ಹಾಸನದಲ್ಲಿ ಒಂದು ನಿಲುಗಡೆ ಕೊಟ್ಟು, ಸುಮಾರು 360 ಕಿಲೋಮೀಟರ್ ಸಾಗಿ ಬೆಂಗಳೂರಿನ ಪೂರ್ವಕ್ಕಿರುವ ದೇವನಗೊಂದಿಗೆ ಬಂದು ಮುಟ್ಟುತ್ತದೆ. 2003ರಿಂದ ಅದು ಹೀಗೆ ಎಣ್ಣೆ ಹೊರುತ್ತಿದೆ. ಒಂದೇ ಕೊಳವೆ, ಅದರಲ್ಲೇ ಸರದಿಯ ಮೇಲೆ ಡೀಸೆಲ್, ಅದರ ಬೆನ್ನಿಗೆ ಪೆಟ್ರೋಲ್. ಚೆನ್ನೈ ಕಡೆಯಿಂದ ಇಂಡಿಯನ್ ಆಯಿಲ್‌ನ ಇನ್ನೊಂದು ಪೈಪ್‌ಲೈನ್ ಬರುತ್ತದೆ. ದೇವನಗೊಂದಿಯಲ್ಲಿ ಇಂಡಿಯನ್ ಆಯಿಲ್, ಭಾರತ್, ಹಿಂದೂಸ್ತಾನ್ ಮೂವರ ಡಿಪೊಗಳೂ ಇವೆ. ಆ ದಾರಿಯಲ್ಲಿ ಒಮ್ಮೆ ಹೋದವರಿಗೆ ಟ್ಯಾಂಕರುಗಳ ಸಾಲು ಮರೆಯುವುದಿಲ್ಲ. ಒಂದೇ ಬಗೆಯ ಲಾರಿ, ಒಂದೇ ಬಗೆಯ ಡ್ರೈವರು, ಬಣ್ಣ ಮಾತ್ರ ಬೇರೆ ಬೇರೆ.

ಒಬ್ಬರ ರಿಫೈನರಿಯ ಮಾಲನ್ನು ಇನ್ನೊಬ್ಬರು ಎತ್ತುವುದು ಈ ವ್ಯಾಪಾರದಲ್ಲಿ ಮೊದಲಿನಿಂದ ಇದ್ದದ್ದೇ. ಪ್ರತಿ ಕಂಪನಿಯೂ ಪ್ರತಿ ಊರಿಗೂ ತನ್ನದೇ ಕಾರ್ಖಾನೆಯಿಂದ ಎಣ್ಣೆ ಸಾಗಿಸುತ್ತಾ ಕೂತರೆ ಸಾಗಣೆಗೇ ದಿವಾಳಿ. ಆದ್ದರಿಂದ ಇದು ಒಂದೇ ಕೆರೆಯ ನೀರು ಮೂರು ಕಾಲುವೆಯಲ್ಲಿ ಹರಿದ ಹಾಗೆ. ಕಾಲುವೆಗೊಂದು ರುಚಿ ಹುಡುಕಬೇಡಿ. ಮೇಲಾಗಿ ಯಾರ ಕಾರ್ಖಾನೆಯಿಂದ ಬಂದರೂ ಪೆಟ್ರೋಲ್ ಭಾರತೀಯ ಮಾನಕ ಬ್ಯೂರೊದ ಮಾನದಂಡದೊಳಗೇ ಇರಬೇಕು. 2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ಬಂತಲ್ಲ, ಅದರ ಪ್ರಕಾರ ಗಂಧಕದ ಅಂಶ ಹತ್ತು ಲಕ್ಷ ಭಾಗದಲ್ಲಿ 10 ಮೀರುವಂತಿಲ್ಲ. ಬಿಎಸ್-4ರಲ್ಲಿ 50ರವರೆಗೆ ಇರಬಹುದಿತ್ತು. ಸರ್ಕಾರಿ ಕಂಪನಿಗಾದರೂ ಅಷ್ಟೇ, ಶೆಲ್‌ಗಾದರೂ ಅಷ್ಟೇ, ನಯಾರಾ, ಜಿಯೊ-ಬಿಪಿಗಾದರೂ ಅಷ್ಟೇ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಸ್ವಲ್ಪ ಇದೆ. ಅದು ಹುಟ್ಟುವುದು ಡಿಪೊದಲ್ಲಿ. ಟ್ಯಾಂಕರು ತುಂಬುವ ಹೊತ್ತಿಗೆ ಕಂಪನಿಗಳು ತಮ್ಮ ತಮ್ಮ ಅಡಿಟಿವ್ ಸೇರಿಸುತ್ತವೆ. ಇಂಜೆಕ್ಟರಿನಲ್ಲಿ, ವಾಲ್ವಿನಲ್ಲಿ ಕಿಟ್ಟ ಕಟ್ಟದಂತೆ ನೋಡಿಕೊಳ್ಳುವ ಒಂಥರಾ ಮಾರ್ಜಕ ಅದು, ಅಡುಗೆಗೆ ಹಾಕುವ ಇಂಗಿನಷ್ಟು. ಸರ್ಕಾರಿ ಬಂಕುಗಳಲ್ಲಿ 'ಪವರ್', 'ಸ್ಪೀಡ್', 'ಎಕ್ಸ್‌ಪಿ' ಎಂಬ ಹೆಸರಿನಲ್ಲಿ ಲೀಟರಿಗೆ ಹೆಚ್ಚು ತೆಗೆದುಕೊಂಡು ಇಂಥದ್ದನ್ನು ಮಾರುತ್ತಾರೆ. ಜಿಯೊ-ಬಿಪಿಯವರು ತಮ್ಮ ಮಾಮೂಲಿ ಪೆಟ್ರೋಲಿನಲ್ಲೇ ಸೇರಿಸಿದ್ದೇವೆ ಅನ್ನುತ್ತಾರೆ. ಇದು ಬರೀ ಜಾಹೀರಾತಿನ ಮಾತೂ ಅಲ್ಲ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಎಂಜಿನ್ ಬಿಚ್ಚಿ ನೋಡಿದಾಗ, ಹೆಚ್ಚು ಮಾರ್ಜಕ ಇರುವ ಪೆಟ್ರೋಲಿಗಿಂತ ಕನಿಷ್ಠ ಪ್ರಮಾಣದ ಮಾರ್ಜಕವಿದ್ದ ಪೆಟ್ರೋಲು 19 ಪಟ್ಟು ಹೆಚ್ಚು ಕಿಟ್ಟ ಬಿಟ್ಟಿತ್ತು. ಆದರೆ ಇದು ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಕಾಣುವ ಫಲ. ಬೆಳಿಗ್ಗೆ ಹಾಕಿಸಿ ಸಂಜೆಗೆ "ಪಿಕಪ್ ಬಂತು" ಅನ್ನುವವರಿಗೆ ಬಂದದ್ದು ಪಿಕಪ್ ಅಲ್ಲ, ಖುಷಿ.

ಆಕ್ಟೇನ್ ವಿಷಯದಲ್ಲಿ ಇನ್ನೂ ಗೊಂದಲ ಜಾಸ್ತಿ. ಹೆಚ್ಚು ಆಕ್ಟೇನ್ ಅಂದರೆ ಹೆಚ್ಚು ಶಕ್ತಿ ಅಂತ ನಮ್ಮ ಜನ ತಿಳಿದಿದ್ದಾರೆ. ಅದು ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಸಿಲಿಂಡರಿನ ಒತ್ತಡದಲ್ಲಿ, ಕಿಡಿಯಿಂದ ಎದ್ದ ಉರಿ ತಲುಪುವ ಮೊದಲೇ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ. ದುಬಾರಿ ಬೈಕು, ಟರ್ಬೊ ಕಾರುಗಳಿಗೆ ಅದು ಬೇಕು. 110 ಸಿಸಿ ಸ್ಕೂಟರಿಗೆ 100 ಆಕ್ಟೇನ್ ಕುಡಿಸುವುದು ಎತ್ತಿಗೆ ಬಾದಾಮಿ ಹಾಲು ಕುಡಿಸಿದ ಹಾಗೆ. ಅದು ಕುಡಿಯುತ್ತದೆ, ಉಳುವುದು ಮಾತ್ರ ಅಷ್ಟೇ. ಇನ್ನೊಂದು ಮಾತು. ಇಪ್ಪತ್ತು ಪರ್ಸೆಂಟ್ ಎಥನಾಲ್ ಸೇರಿದ ಮೇಲೆ ಮಾಮೂಲಿ ಪೆಟ್ರೋಲಿನ ಆಕ್ಟೇನೇ 91ರಿಂದ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಾಗಿದ್ದರೆ ದುಬಾರಿ ಪೆಟ್ರೋಲಿನ 95 ಎಂಬ ಅಂಕೆಯೊಂದಕ್ಕೇ ಇನ್ನೂ ಹೆಚ್ಚುವರಿ ದುಡ್ಡು ಯಾಕೆ ಕೊಡಬೇಕು ಅಂತ ಗಿರಾಕಿ ಕೇಳಿದರೆ ತಪ್ಪಲ್ಲ.

ಎಥನಾಲ್ ಅಂದೆನಲ್ಲ, ಭಾವನ ಮೈಲೇಜಿನ ನಿಜವಾದ ಕಥೆ ಅಲ್ಲಿದೆ. 2023ರ ಫೆಬ್ರುವರಿಯಲ್ಲಿ ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆ ಈಗ ನಮ್ಮ ಟ್ಯಾಂಕಿಗೂ ನೀರು ಹಾಯಿಸುತ್ತಿದೆ ಅನ್ನಿ. ರೈತನಿಗೆ ಒಳ್ಳೆಯದಾದರೆ ಸಂತೋಷವೇ. ಆದರೆ ಲೀಟರಿನ ಲೆಕ್ಕಕ್ಕೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಾವು ಕಡಿಮೆ. ಎಥನಾಲಿಗೆಂದೇ ಮಾಡಿರದ ಹಳೆಯ ಕಾರುಗಳಲ್ಲಿ ಮೈಲೇಜ್ 6-7 ಪರ್ಸೆಂಟ್, ದ್ವಿಚಕ್ರ ವಾಹನಗಳಲ್ಲಿ 3-4 ಪರ್ಸೆಂಟ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಬರೆದಿತ್ತು. ಇದು ಯಾವ ಒಂದು ಕಂಪನಿಯ ಪಾಪವೂ ಅಲ್ಲ, ಎಲ್ಲರ ಪೆಟ್ರೋಲಿನಲ್ಲೂ ಇದೆ. ಆದರೂ ಮೈಲೇಜ್ ಕಡಿಮೆಯಾದ ದಿನ ಜನ ಬೈಯುವುದು ಪಕ್ಕದ ಬಂಕನ್ನೇ. (ಬೆಳಗಿನ ಜಾವ ತಂಪಿಗೆ ಹಾಕಿಸಿದರೆ ಜಾಸ್ತಿ ಬರುತ್ತದೆ ಎಂಬ ಇನ್ನೊಂದು ಪಂಗಡವಿದೆ. ನೆಲದಡಿಯ ಟ್ಯಾಂಕಿಗೆ ಬೆಳಗೂ ಒಂದೇ, ಮಧ್ಯಾಹ್ನವೂ ಒಂದೇ. ನಿದ್ದೆ ಕೆಡಿಸಿಕೊಳ್ಳಬೇಡಿ.)

ಪಕ್ಕದ ಬಂಕನ್ನು ಬೈಯಲು ಕಾರಣ ಇಲ್ಲವೇ ಇಲ್ಲ ಅಂತಲ್ಲ. ಎರಡು ಮಳೆಗಾಲದ ಹಿಂದೆ ನನ್ನ ಸ್ಕೂಟರು ಪೆಟ್ರೋಲ್ ಹಾಕಿಸಿ ಅರ್ಧ ಫರ್ಲಾಂಗ್ ಹೋಗುವುದರೊಳಗೆ ಕೆಮ್ಮಿ ನಿಂತಿತು. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಮಾತಾಡಲಿಲ್ಲ. ಪೈಪು ಕಿತ್ತು ಒಂದು ಖಾಲಿ ನೀರಿನ ಬಾಟಲಿಗೆ ಟ್ಯಾಂಕಿನಲ್ಲಿದ್ದುದನ್ನು ಇಳಿಸಿ, ಬೆಂಚಿನ ಮೇಲಿಟ್ಟು, "ಎರಡು ನಿಮಿಷ ನೋಡ್ತಿರಿ ಸಾರ್" ಅಂದ. ನೋಡಿದೆ. ಮೊದಲು ಎಲ್ಲ ಕಲಕಿದ ಹಾಗಿದ್ದದ್ದು ನಿಧಾನಕ್ಕೆ ಎರಡಾಯಿತು. ಮೇಲೆ ತಿಳಿಯಾದ ಪೆಟ್ರೋಲು, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ನಡುವೆ ಗೆರೆ ಎಳೆದ ಹಾಗೆ ಒಂದು ಅಂಚು. "ಬರೀ ನೀರಲ್ಲ ಇದು, ಸ್ಪಿರಿಟ್ಟೂ ಸೇರಿದೆ" ಅಂತ ಬಾಟಲಿ ಅಲ್ಲಾಡಿಸಿದ.

ಹಿಂದೆ ಟ್ಯಾಂಕಿಗೆ ಚೂರು ನೀರು ಇಳಿದರೆ ಅದು ತಳದಲ್ಲಿ ತನ್ನ ಪಾಡಿಗೆ ಇರುತ್ತಿತ್ತು. ಪೆಟ್ರೋಲ್ ಎಳೆಯುವ ಪೈಪು ತಳಕ್ಕಿಂತ ಮೇಲಿರುವುದರಿಂದ ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಹಾಗಲ್ಲ. ಎಥನಾಲಿಗೂ ನೀರಿಗೂ ಬಲು ಸ್ನೇಹ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲಿನ ಕೈಬಿಟ್ಟು ನೀರಿನ ಜೊತೆ ತಳಕ್ಕೆ ಹೋಗಿ ಕೂರುತ್ತದೆ. ತಳದ ಪದರ ದಪ್ಪವಾಗುತ್ತದೆ, ಪೈಪಿಗೆ ಸಿಗುತ್ತದೆ, ನಿಮ್ಮ ಗಾಡಿಗೆ ಬರುತ್ತದೆ. ಅದಕ್ಕೇ ಬಂಕಿನವರು ಡಿಪ್ ರಾಡಿನ ತುದಿಗೆ, ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟ್ ಸವರಿ ಟ್ಯಾಂಕಿಗೆ ಇಳಿಸಿ ನೋಡಬೇಕು. ಒಳ್ಳೆಯ ಬಂಕಿನಲ್ಲಿ ಈ ಕೆಲಸ ಮಳೆಗಾಲದಲ್ಲಿ ತಪ್ಪುವುದೇ ಇಲ್ಲ. ಮುಚ್ಚಳದ ವಾಷರು ಸವೆದು, ಅಂಗಳದಲ್ಲಿ ನೀರು ನಿಂತು, ನೋಡುವವರೂ ಇಲ್ಲದ ಬಂಕಿನಲ್ಲಿ ನನ್ನ ಸ್ಕೂಟರಿನ ಗತಿ ಆಗುತ್ತದೆ. ಎರಡೂ ಬಂಕಿನ ಮೇಲೆ ಒಂದೇ ಕಂಪನಿಯ ಬೋರ್ಡು ಇರಬಹುದು.

ನನ್ನ ವಾದ ಇಷ್ಟೇ. ಗುಣಮಟ್ಟದ ವ್ಯತ್ಯಾಸ ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು, ಬಂಕಿನಿಂದ ಬಂಕಿಗೆ ಹಗ್ಗದಷ್ಟು.

ಇದು ಎಷ್ಟು ನಿಜ ಎಂಬುದಕ್ಕೆ ಕರ್ನಾಟಕದ ಒಬ್ಬ ಹುಡುಗ ಪ್ರಾಣ ಕೊಟ್ಟಿದ್ದಾನೆ. ಮಂಜುನಾಥ್ ಷಣ್ಮುಗಂ ಕೆಜಿಎಫ್‌ನವರು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಲಖನೌ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಸೇಲ್ಸ್ ಅಧಿಕಾರಿಯಾಗಿದ್ದರು. ಆಗ ಪಡಿತರದ ಸೀಮೆಎಣ್ಣೆಗೂ ಬಂಕಿನ ಎಣ್ಣೆಗೂ ಬೆಲೆಯಲ್ಲಿ ಅಜಗಜಾಂತರ. ಬಡವರ ಸ್ಟವ್‌ಗೆ ಹೋಗಬೇಕಾದ್ದು ಬಂಕಿನ ಟ್ಯಾಂಕಿಗೆ ಇಳಿಯುತ್ತಿತ್ತು. ಪತ್ತೆಯಾಗಲಿ ಎಂದೇ ಅದಕ್ಕೆ ನೀಲಿ ಬಣ್ಣ ಹಾಕುತ್ತಿದ್ದರು, ಕಳ್ಳರು ಅದನ್ನೂ ದಾಟಿದ್ದರು. ಮಂಜುನಾಥ್ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಜಡಿಸಿದರು. ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 27. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2015ರಲ್ಲಿ. ಅವರು ಬೀಗ ಜಡಿಸಿದ್ದು ಎದುರಾಳಿ ಕಂಪನಿಯ ಬಂಕಿಗಲ್ಲ. ಮೇಲೆ ಇದ್ದದ್ದು ಅವರದೇ ಕಂಪನಿಯ ಬೋರ್ಡು.

ಈಗ ಸೀಮೆಎಣ್ಣೆಯ ಆ ಕಾಲ ಹೆಚ್ಚುಕಡಿಮೆ ಹೋಯಿತು, ಸೀಮೆಎಣ್ಣೆಯೇ ಕಾಣುವುದು ಅಪರೂಪ. ಆದರೂ ಅನುಮಾನ ಬಂದರೆ ಗಿರಾಕಿಗೆ ಒಂದು ಹಕ್ಕಿದೆ. ಡೆನ್ಸಿಟಿ ನೋಡಬೇಕು ಅಂತ ಕೇಳಬಹುದು. ಕಳೆದ ತಿಂಗಳು ನಾನೂ ಕೇಳಿದೆ. ನಾಝಲ್ ಹಿಡಿದ ಹುಡುಗ ನನ್ನನ್ನೊಮ್ಮೆ, ನನ್ನ ಹಿಂದಿನ ಸಾಲನ್ನೊಮ್ಮೆ ನೋಡಿ ಮ್ಯಾನೇಜರನ್ನು ಕೂಗಿದ. ಮ್ಯಾನೇಜರ್ ಗೊಣಗಲಿಲ್ಲ, ಅದೇ ಆಶ್ಚರ್ಯ. ಅರ್ಧ ಲೀಟರಿನ ಗಾಜಿನ ಜಾರಿಗೆ ಪೆಟ್ರೋಲ್ ಹಿಡಿದು, ಥರ್ಮಾಮೀಟರ್ ಇಳಿಸಿ, ಹೈಡ್ರೋಮೀಟರ್ ಬಿಟ್ಟರು. ಅದು ಎರಡು ಸಲ ಮುಳುಗೆದ್ದು ನಿಂತಿತು. "ಕಣ್ಣು ಮಟ್ಟಕ್ಕೆ ಬಂದು ನೋಡಿ ಸಾರ್, ಮೇಲಿಂದ ನೋಡಿದ್ರೆ ತಪ್ಪು ತೋರಿಸ್ತದೆ." ಬಗ್ಗಿದೆ. 738, ಉಷ್ಣಾಂಶ 29 ಡಿಗ್ರಿ. ಎಣ್ಣೆಕಲೆ ಹಿಡಿದ ಒಂದು ಪಟ್ಟಿ ತೆಗೆದು, ಬೆರಳು ಇಳಿಸುತ್ತಾ ಹೋಗಿ, 15 ಡಿಗ್ರಿಗೆ ಸರಿಹೊಂದಿಸಿದರೆ 750 ಎಂದು ತೋರಿಸಿದರು. ಆ ದಿನ ಟ್ಯಾಂಕರಿನ ಜೊತೆ ಬಂದ ಇನ್ವಾಯ್ಸಿನಲ್ಲಿ 751 ಇತ್ತು. ವ್ಯತ್ಯಾಸ 3ರೊಳಗೆ ಇರಬೇಕು, ಇತ್ತು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ಹಿಂದೆ ನಿಂತಿದ್ದ ಆಟೋದವನು ಹಾರ್ನ್ ಹೊಡೆಯುವುದು ಬಿಟ್ಟು ಇಳಿದು ಬಂದು ತಾನೂ ಬಗ್ಗಿ ನೋಡಿದ.

ಡೆನ್ಸಿಟಿ ಎಲ್ಲವನ್ನೂ ಹಿಡಿಯುವುದಿಲ್ಲ, ಒಪ್ಪುತ್ತೇನೆ. ಪೆಟ್ರೋಲಿನಷ್ಟೇ ತೂಕದ ಸಾಲ್ವೆಂಟ್ ಬೆರೆಸುವ ಜಾಣರು ಇದ್ದಾರೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಕಲೆ ಉಳಿಯುತ್ತದೆಯೇ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಅಳತೆಯ ಮೇಲೆ ಅನುಮಾನವಿದ್ದರೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಐದು ಲೀಟರಿನ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಐದು ಲೀಟರಿಗೆ 25 ಮಿಲಿಗಿಂತ ಹೆಚ್ಚು ಏರುಪೇರು ಆಗುವಂತಿಲ್ಲ. ನಾವು ಮಾತ್ರ "ಝೀರೋ ನೋಡಿ ಸಾರ್" ಅಂದರೆ ಝೀರೋ ನೋಡಿ, ಮತ್ತೆ ಮೊಬೈಲ್ ನೋಡುತ್ತೇವೆ.

ಮುಂದಿನ ಸಲ ಜಾರು ಕೇಳಿ, ಐದು ಲೀಟರಿನ ಪಾತ್ರೆ ಕೇಳಿ. ಇಲ್ಲ ಅನ್ನುವಂತಿಲ್ಲ, ಕಾಸು ಕೇಳುವಂತಿಲ್ಲ. ಹಾಗೂ ಇಲ್ಲ ಅಂದರೆ, ಬಂಕಿನ ಗೋಡೆಯ ಮೇಲೆ ಕಂಪನಿಯ ಸೇಲ್ಸ್ ಆಫೀಸರ್ ನಂಬರು ಬರೆದಿರುತ್ತದೆ, ಅದಕ್ಕೆ ಫೋನ್ ಮಾಡಿ. ಮಂಜುನಾಥ್ ಮಾಡುತ್ತಿದ್ದದ್ದು ಅದೇ ಕೆಲಸ.