ಕಸ ಸುಡುವ ಮುನ್ನ ನಕ್ಷೆ ನೋಡಿ

"ಎಲ್ಲಾದರೂ ಒಂದು ಕಡೆ ಹಾಕಲೇಬೇಕಲ್ಲ?" ಕಸದಿಂದ ವಿದ್ಯುತ್ ತಯಾರಿಸುವ ಸ್ಥಾವರದ ಪ್ರಸ್ತಾಪ ಬಂದಾಗಲೆಲ್ಲ ದೆಹಲಿಯಲ್ಲಿ ನಾವು ಕೇಳುವ ಮಾತಿದು. ಕೇಳಲು ವಿವೇಕದ ಮಾತಿನಂತಿದೆ. ಆದರೆ ಇದನ್ನು ಆಡುವವರ ಮನೆ ಸಾಮಾನ್ಯವಾಗಿ ಆ 'ಎಲ್ಲಾದರೂ' ಎಂಬ ಜಾಗದಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಭೂಬಳಕೆಯ ಯೋಜನೆ ಎಂಬ ಶಾಸ್ತ್ರ ಹುಟ್ಟಿದ್ದೇ ಈ 'ಎಲ್ಲಾದರೂ' ಎಂಬ ಪದವನ್ನು ಅಳಿಸಿ, ಅಲ್ಲಿ ನಿರ್ದಿಷ್ಟವಾದ ಸ್ಥಳವನ್ನೂ ನಿರ್ದಿಷ್ಟವಾದ ಕಾರಣವನ್ನೂ ಬರೆಯಲಿಕ್ಕೆ. ನಮ್ಮ ಮಹಾನಗರಗಳಲ್ಲಿ ಆಗುತ್ತಿಲ್ಲವಾದದ್ದು ಅದೇ.

ಓಖ್ಲಾದ ಉದಾಹರಣೆಯನ್ನೇ ನೋಡೋಣ. ನಗರಪಾಲಿಕೆಯ ಹಳೆಯ ಗೊಬ್ಬರ ಘಟಕವಿದ್ದ ಪ್ರದೇಶವದು. ಸುತ್ತ ಸುಖದೇವ್ ವಿಹಾರ್, ಹಾಜಿ ಕಾಲೊನಿ, ಜಸೋಲಾ ಮೊದಲಾದ ದಟ್ಟ ವಸತಿಗಳಿವೆ, ಸಮೀಪದಲ್ಲೇ ಆಸ್ಪತ್ರೆಯಿದೆ. ಸ್ಥಾವರ ಬರುತ್ತದೆಂದು ತಿಳಿದ ನಿವಾಸಿಗಳು 2009ರಲ್ಲೇ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ದಾವೆ ನಡೆಯುತ್ತಿರುವಾಗಲೇ 2012ರಲ್ಲಿ ಕುಲುಮೆ ಹೊತ್ತಿಕೊಂಡಿತು. 2013ರಲ್ಲಿ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ವರ್ಗವಾಯಿತು. ತೀರ್ಪು ಬಂದದ್ದು 2017ರಲ್ಲಿ: ಸ್ಥಾವರ 25 ಲಕ್ಷ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು, ಷರತ್ತುಗಳಿಗೆ ಒಳಪಟ್ಟು ಮುಂದುವರಿಯಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಐದು ವರ್ಷ ಉರಿದ ಕುಲುಮೆಯ ಮುಂದೆ ನಿಂತು 'ಇದು ಇಲ್ಲಿರಬೇಕೇ?' ಎಂದು ಕೇಳುವುದು ಅದಕ್ಕಿಂತ ಭಿನ್ನವಲ್ಲ. ನ್ಯಾಯಾಲಯದಲ್ಲಿ ತಡವಾಗಿ ಕೇಳಬೇಕಾಗಿ ಬಂದ ಪ್ರಶ್ನೆ ಮೊದಲೇ ನಕ್ಷೆಯ ಮೇಜಿನ ಮೇಲೆ ತೀರ್ಮಾನವಾಗಬೇಕಿತ್ತು.

ಏಕೆ ಆಗಲಿಲ್ಲ? ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿ ನಗರ ಯೋಜನೆ, ಭೂಬಳಕೆಯ ನಿಯಂತ್ರಣ ಮತ್ತು ಘನತ್ಯಾಜ್ಯ ನಿರ್ವಹಣೆಗಳನ್ನು ಒಂದೇ ಪಟ್ಟಿಯಲ್ಲಿಟ್ಟು, ಮೂರನ್ನೂ ನಗರಾಡಳಿತಕ್ಕೆ ವಹಿಸಬಹುದೆಂದು ಸೂಚಿಸಿದೆ. ದೆಹಲಿಯಲ್ಲಿ ಭೂಮಿಯ ಯೋಜನೆ 1957ರ ಕಾಯ್ದೆಯಿಂದ ಹುಟ್ಟಿದ, ಕೇಂದ್ರದ ಅಧೀನದಲ್ಲಿರುವ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ. ಕಸ ಪಾಲಿಕೆಯ ತಲೆಯ ಮೇಲಿದೆ. ಭೂಮಿ ಇದ್ದವನಿಗೆ ಕಸದ ಚಿಂತೆಯಿಲ್ಲ, ಕಸ ಹೊತ್ತವನಿಗೆ ಭೂಮಿಯ ಆಯ್ಕೆಯಿಲ್ಲ. ಹೀಗಾಗಿ ಪಾಲಿಕೆ ತನ್ನ ವಶದಲ್ಲಿರುವ ಹಳೆಯ ತಿಪ್ಪೆಯ ಕಡೆಗೇ ಮತ್ತೆ ಮತ್ತೆ ತಿರುಗುತ್ತದೆ. ನಿನ್ನೆ ಕಸ ಬಿದ್ದ ಜಾಗವೇ ನಾಳೆಯೂ ಕಸಕ್ಕೆ ಯೋಗ್ಯ ಎಂಬುದು ರೂಢಿ. ಅದನ್ನು ಯೋಜನೆ ಎಂದು ನಾವು ಒಪ್ಪಲಾರೆವು.

ಎದುರಾಳಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಘಾಜಿಪುರದ ಕಸದ ಗುಡ್ಡ 2017ರ ಸೆಪ್ಟೆಂಬರಿನಲ್ಲಿ ಕುಸಿದು ಇಬ್ಬರ ಪ್ರಾಣ ತೆಗೆದದ್ದನ್ನು ದೆಹಲಿ ಮರೆತಿಲ್ಲ. ಗುಡ್ಡಗಳು ಕರಗಬೇಕು, ನಿಜ. ಆದರೆ ಸುಟ್ಟ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ. ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ, ಅದಕ್ಕೂ ನೆಲ ಬೇಕು. ಚಿಮಣಿಯ ಡಯಾಕ್ಸಿನ್, ಫ್ಯುರಾನ್‌ಗಳನ್ನು ವರ್ಷಕ್ಕೊಮ್ಮೆ ಅಳೆದರೆ ಸಾಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಪಕ್ಕದ ಮನೆಯ ಮಗು ಉಸಿರಾಡುವುದು ವರ್ಷಕ್ಕೊಮ್ಮೆಯಲ್ಲ. ಮೇಲಾಗಿ ನಮ್ಮ ಕಸದ ಸುಮಾರು ಅರ್ಧ ಪಾಲು ಅಡುಗೆಮನೆಯ ಹಸಿ ಕಸ. 1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ತಿಮಾರ್‌ಪುರದಲ್ಲಿ ಕಟ್ಟಿದ, ದಿನಕ್ಕೆ 300 ಟನ್ ಸುಡಬೇಕಿದ್ದ ಕುಲುಮೆ ಕೆಲವೇ ವಾರಗಳಲ್ಲಿ ನಿಂತುಹೋದದ್ದು ಇದೇ ಕಾರಣಕ್ಕೆ: ನಮ್ಮ ಕಸಕ್ಕೆ ಉರಿಯುವಷ್ಟು ಕಾವಿರಲಿಲ್ಲ.

ಇದು ದೆಹಲಿಯೊಂದರ ಕಥೆಯಲ್ಲ. ಮುಂಬಯಿಯ ಬಂಧುಗಳಿಗೆ ದೇವನಾರ್, ಚೆನ್ನೈಯವರಿಗೆ ಕೊಡುಂಗೈಯೂರ್, ಹೈದರಾಬಾದಿನವರಿಗೆ ಜವಾಹರ್ ನಗರ ಅಪರಿಚಿತ ಹೆಸರುಗಳಲ್ಲ. ತವರಿನಲ್ಲಿ ಮಂಡೂರಿನ ಜನ 2014ರಲ್ಲಿ ಬೆಂಗಳೂರಿನ ಕಸದ ಲಾರಿಗಳಿಗೆ ಅಡ್ಡ ನಿಂತದ್ದನ್ನೂ ನಾವು ದೂರದಿಂದ ಓದಿದ್ದೇವೆ. ಎಲ್ಲೆಡೆಯೂ ವಿನ್ಯಾಸ ಒಂದೇ: ಕಸ ಹುಟ್ಟುವುದು ನಗರದ ನಡುವೆ, ಸೇರುವುದು ದನಿ ಕ್ಷೀಣವಾಗಿರುವ ಅಂಚಿಗೆ. ಆ ಅಂಚಿನಲ್ಲೇ ಚಿಂದಿ ಆಯುವವರ ಗುಡಿಸಲುಗಳೂ ಇರುತ್ತವೆ. ನಕ್ಷೆಯಲ್ಲಿ ಅವು ಬಹುತೇಕ ಖಾಲಿ ಜಾಗ. ಕಾಗದ, ಪ್ಲಾಸ್ಟಿಕ್ಕುಗಳೆಲ್ಲ ಕುಲುಮೆಗೆ ಹೋದರೆ ಅವರ ಅನ್ನವೂ ಜೊತೆಗೆ ಉರಿಯುತ್ತದೆ.

ಹಾಗಾದರೆ ನಾವು ಕೇಳಬೇಕಾದದ್ದೇನು? ಮೊದಲನೆಯದಾಗಿ, ಟೆಂಡರಿಗೆ ಮುನ್ನ ಸ್ಥಳ ನಿರ್ಧಾರವಾಗಬೇಕು. ಸುತ್ತಲಿನ ರಕ್ಷಣಾ ವಲಯ ನಕ್ಷೆಯಲ್ಲಿ ಅಳತೆಯೊಂದಿಗೆ ಅಚ್ಚಾಗಬೇಕು. ಆ ವಲಯ ಎರಡೂ ಕಡೆಗೆ ಅನ್ವಯಿಸಬೇಕು: ಮನೆಗಳ ಬಳಿ ಕುಲುಮೆ ಬರಬಾರದು, ಕುಲುಮೆಯ ಬಳಿ ಹೊಸ ಮನೆಗಳಿಗೂ ಅನುಮತಿ ಸಿಗಬಾರದು. ಎರಡನೆಯದಾಗಿ, ಸಾರ್ವಜನಿಕ ಅಹವಾಲು ಅದೇ ಬಡಾವಣೆಯಲ್ಲಿ, ಅಲ್ಲಿಯವರ ನುಡಿಯಲ್ಲಿ ನಡೆಯಬೇಕು. ನೂರಾರು ಪುಟಗಳ ಇಂಗ್ಲಿಷ್ ವರದಿಯನ್ನು ಕಚೇರಿಯ ಮೂಲೆಯಲ್ಲಿಟ್ಟು 'ಆಕ್ಷೇಪಣೆ ಬರಲಿಲ್ಲ' ಎಂದು ಷರಾ ಬರೆಯುವುದು ಎಷ್ಟು ಸುಲಭವೆಂಬುದು ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಬೇಡಿಕೆ ನಮ್ಮ ಅಂಗಳಕ್ಕೇ ಸೇರಿದ್ದು. 200ಕ್ಕಿಂತ ಹೆಚ್ಚು ಮನೆಗಳ ವಸತಿ ಸಮುಚ್ಚಯದ ಯೋಜನೆಯಲ್ಲಿಯೇ ಕಸದ ವಿಂಗಡಣೆಗೆ, ಸಂಸ್ಕರಣೆಗೆ ಜಾಗ ಗುರುತಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಸರೋಜಿನಿ ನಗರ, ನೇತಾಜಿ ನಗರಗಳ ಹಳೆಯ ಸರ್ಕಾರಿ ಮನೆಗಳು ಉರುಳಿ ಬಹುಮಹಡಿಗಳು ಏಳುತ್ತಿರುವ ಈ ಕಾಲದಲ್ಲಿ, ಆ ಜಾಗ ಎಲ್ಲಿದೆಯೆಂದು ಕೇಳುವ ಹಕ್ಕು ಅಲ್ಲಿ ವಾಸಿಸುವ ನೌಕರರಿಗಿದೆ. ವಾಹನ ನಿಲುಗಡೆಗೆ ನೆಲದಡಿ ಅಂತಸ್ತುಗಳನ್ನೇ ಕೊರೆಯಬಲ್ಲವರಿಗೆ ತರಕಾರಿ ಸಿಪ್ಪೆ ಕೊಳೆಯಲು ನಾಲ್ಕು ಗುಂಡಿಗಳ ಜಾಗ ಸಿಗದೆ? ಹಸಿ ಕಸ ಹುಟ್ಟಿದ ಕಡೆಯೇ ಗೊಬ್ಬರವಾದರೆ ಲಾರಿಗಳು ಕಡಿಮೆಯಾಗುತ್ತವೆ, ಕುಲುಮೆಗಳ ಗಾತ್ರ ಕುಗ್ಗುತ್ತದೆ, ಓಖ್ಲಾದಂತಹ ಬಡಾವಣೆಗಳ ಮೇಲಿನ ಹೊರೆ ಇಳಿಯುತ್ತದೆ.

ನಗರದ ಮಹಾಯೋಜನೆ ಬದಲಾಗುವಾಗ ಪ್ರಾಧಿಕಾರ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲೇಬೇಕು. ಮುಂದಿನ ಪ್ರಕಟಣೆ ಬಂದಾಗ ಸಂಘದ ಸಭೆಯಲ್ಲಿ ಅರ್ಧ ಗಂಟೆ ಅದಕ್ಕೆ ಮೀಸಲಿಡೋಣ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, 'ಎಲ್ಲಾದರೂ' ಎಂಬುದು ಯಾರ ಮನೆಯ ಬಾಗಿಲೆಂದು ಬೆರಳಿಟ್ಟು ನೋಡಿ, ನಮ್ಮ ಆಕ್ಷೇಪಣೆಯನ್ನು ಲಿಖಿತವಾಗಿ ಕಳಿಸೋಣ.