ಕರೆಯದೆ ಬರುವವರಾರು?

ಮುಂಬಯಿಯ ಕನ್ನಡ ಲೇಖಕರೂ ನಾಟಕ, ಯಕ್ಷಗಾನಗಳ ಕಲಾವಿದರೂ ಒಂದೇ ಕೊರಗನ್ನು ತೋಡಿಕೊಳ್ಳುತ್ತಿರುವರು. ಪುಸ್ತಕ ಅಚ್ಚು ಹಾಕಿಸಿದರೆ ಕೊಳ್ಳುವವರಿಲ್ಲ. ಆಟ ಏರ್ಪಡಿಸಿದರೆ ನೋಡುವವರಿಲ್ಲ. ಊರು ಬಿಟ್ಟು ಬಂದ ಕನ್ನಡಿಗನಿಗೆ ಭಾಷಾಭಿಮಾನವೇ ಇಲ್ಲವೆಂಬುದು ಈ ಕೊರಗಿನ ಸಾರ. ಅಭಿಮಾನದ ವಿಚಾರವನ್ನೆತ್ತುವ ಮುನ್ನ ನಾವು ಬೇರೊಂದು ಪ್ರಶ್ನೆಯನ್ನು ಕೇಳಬಯಸುತ್ತೇವೆ. ಆ ಕನ್ನಡಿಗನನ್ನು ಕರೆದವರು ಯಾರು?

ಮೊಬೈಲಿನಲ್ಲಿ ಎಲ್ಲರಿಗೂ ತಿಳಿಸಿದ್ದೇವೆ ಎಂಬ ಉತ್ತರ ಬರುವುದು. ವಾಟ್ಸಾಪನ್ನಾಗಲಿ ಫೇಸ್‌ಬುಕ್ಕನ್ನಾಗಲಿ ನಾವು ಹಳಿಯುವವರಲ್ಲ. ಅವೂ ಉಪಯುಕ್ತ ಸಾಧನಗಳೇ. ಆದರೆ ಫೇಸ್‌ಬುಕ್ಕಿನಲ್ಲಿ ಹಾಕಿದ ಪ್ರಕಟಣೆಯು ಅದನ್ನು ಹಾಕಿದವರ ಮಿತ್ರರೆಲ್ಲರ ಕಣ್ಣಿಗೂ ಬೀಳುವುದಿಲ್ಲ. ಯಾರಿಗೆ ಕಾಣಬೇಕೆಂಬುದನ್ನು ಆ ಕಂಪೆನಿಯ ಯಂತ್ರವು ತೀರ್ಮಾನಿಸುವುದು. ಹಣ ತೆತ್ತರೆ ಹೆಚ್ಚು ಮಂದಿಗೆ ಕಾಣಿಸುವುದು. ವಾಟ್ಸಾಪಿನ ಗತಿ ಇನ್ನೊಂದು ಬಗೆ. ಬೆಳಗಿನ 5 ಗಂಟೆಗೆ ಒಲೆಯ ಮುಂದೆ ನಿಂತ ಹೋಟೆಲು ಕಾರ್ಮಿಕನು ರಾತ್ರಿ ಮೊಬೈಲು ತೆರೆದಾಗ, ನೂರಾರು ಶುಭೋದಯಗಳ ಅಡಿಯಲ್ಲಿ ಹೂತ ಆಮಂತ್ರಣವು ಸಿಕ್ಕುವಷ್ಟರಲ್ಲಿ ಆಟ ಮುಗಿದಿರುತ್ತದೆ. ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ ಅದು ಯಾತಕ್ಕೂ ಒದಗದು.

ನಮ್ಮ ಹಿರಿಯರು ಓದುಗರನ್ನು ಹುಡುಕಿಕೊಂಡು ಹೋದರು. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1979ರಲ್ಲಿ ಕಾಲವಾದ ಜಿ. ಪಿ. ರಾಜರತ್ನಂ ಅವರು ಕಾಲೇಜಿನ ಅಧ್ಯಾಪಕರಾಗಿಯೂ ಕನ್ನಡ ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಮಾರುವುದನ್ನು ಕೀಳೆಂದು ಎಣಿಸಲಿಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲು ಕೂಡಿಸಿ, ಆ ಬಲದಿಂದ ಪುಸ್ತಕಗಳನ್ನು ಹೊರತಂದಿತು.

ಯಕ್ಷಗಾನದಲ್ಲಂತೂ ಕರೆಯುವುದು ಕಲೆಯ ಒಂದು ಅಂಗವೇ ಆಗಿದೆ. ಆಟವಿರುವ ಊರಿನಲ್ಲಿ ಸಂಜೆ ಚೆಂಡೆ ಮದ್ದಳೆಗಳ ಕೇಳಿ ಬಡಿದರೆ ಸುತ್ತಣ ಮನೆಗಳಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ಮಳೆಗಾಲದಲ್ಲಿ ಕರಾವಳಿಯ ಕಲಾವಿದರ ತಂಡಗಳು ಇಂದಿಗೂ ಮುಂಬಯಿಗೆ ಬರುತ್ತಿವೆ. ಆದರೆ ಲೋಕಲ್ ಗಾಡಿಗಳ ಸದ್ದಿನ ನಡುವೆ ಇಲ್ಲಿ ಚೆಂಡೆಯ ದನಿ ಡೊಂಬಿವಲಿಗಾಗಲಿ ವಸಾಯಿಗಾಗಲಿ ಕೇಳಿಸದು. ಆ ಚೆಂಡೆಯ ಕೆಲಸವನ್ನು ಇಲ್ಲಿ ಮನುಷ್ಯರೇ ಮಾಡಬೇಕು.

ತನ್ನನ್ನು ತಾನೇ ಸಾರಿಕೊಳ್ಳುವುದು ನಾಚಿಕೆಗೇಡೆಂದು ಕೆಲವರು ಹಿಂಜರಿಯುವರು. ಈ ಸಂಕೋಚವು ಒಳ್ಳೆಯ ಮನಸ್ಸಿನ ಲಕ್ಷಣವೇ ಸರಿ. ಆದರೆ ಆಮಂತ್ರಣ ಬೇರೆ, ಆತ್ಮಪ್ರಶಂಸೆ ಬೇರೆ. ಹೋಟೆಲಿನ ಗಲ್ಲಾದಲ್ಲಿ ಬಹುಕಾಲ ಕುಳಿತ ನಾವು ಬಲ್ಲೆವು: ಇಂದು ಗೋಳಿಬಜೆ ಉಂಟು ಎಂದು ಹಲಗೆಯ ಮೇಲೆ ಬರೆದರೆ ಗಿರಾಕಿ ಒಳಗೆ ಬರುತ್ತಾನೆ, ನಮ್ಮ ಭಟ್ಟರು ಜಗತ್ಪ್ರಸಿದ್ಧರು ಎಂದು ಬರೆದರೆ ನಗುತ್ತಾ ಮುಂದೆ ಹೋಗುತ್ತಾನೆ. ಎರಡನೆಯ ಸಲ ಅವನನ್ನು ಕರೆತರುವುದು ಗೋಳಿಬಜೆಯ ರುಚಿ ಮಾತ್ರ. ಬಿರುದುಗಳ ಮಾಲೆಯನ್ನೂ ಗಣ್ಯರ ಭಾವಚಿತ್ರಗಳನ್ನೂ ತುಂಬಿ, ಆಟದ ವೇಳೆಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುವ ಕರಪತ್ರಗಳಿಂದ ಯಾರಿಗೂ ಪ್ರಯೋಜನವಿಲ್ಲ. ಏನು, ಎಲ್ಲಿ, ಯಾವ ಸ್ಟೇಶನ್ನು, ಪೂರ್ವವೋ ಪಶ್ಚಿಮವೋ, ಎಷ್ಟು ಗಂಟೆಗೆ ಆರಂಭ, ಎಷ್ಟಕ್ಕೆ ಮುಕ್ತಾಯ, ಟಿಕೇಟಿನ ದರವೆಷ್ಟು: ಇಷ್ಟು ದಪ್ಪಕ್ಷರದಲ್ಲಿದ್ದರೆ ಸಾಕು.

ಅದನ್ನು ಹಿಡಿದುಕೊಂಡು ನಡೆಯಬೇಕು. ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹಾದ ಗಿರಾಕಿ ಬರುವುದರೊಳಗೆ ಹೋಟೆಲುಗಳ ಹಿಂಬಾಗಿಲಿಗೆ ಹೋಗಿ ಭಟ್ಟರನ್ನೂ ಮಾಣಿಗಳನ್ನೂ ಮಾತನಾಡಿಸಿರಿ. ಕಛೇರಿಯಲ್ಲಿ ಒಬ್ಬ ಗುಮಾಸ್ತನನ್ನು ಒಲಿಸಿಕೊಂಡರೆ ಅವನು ನಾಲ್ವರಿಗೆ ಹೇಳುವನು. ಜಾತಿ ಸಂಘಗಳ ಸಭೆ, ದೇವಸ್ಥಾನದ ಉತ್ಸವ, ಮದುವೆಯ ಮಂಟಪ, ಇಲ್ಲೆಲ್ಲ ಅನುಮತಿ ಪಡೆದು ಒಂದು ಮೇಜಿನ ಮೇಲೆ ಪುಸ್ತಕಗಳನ್ನಿರಿಸಬಹುದು; ಲೇಖಕನೇ ನಿಂತು ಎರಡು ಪುಟಗಳನ್ನು ಓದಿ ಹೇಳಬಹುದು. ಬಂದವರ ಹೆಸರು ಮತ್ತು ಫೋನ್ ನಂಬರುಗಳನ್ನು ಅವರ ಒಪ್ಪಿಗೆಯಿಂದ ಒಂದು ವಹಿಯಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಹೆಸರು ಹಿಡಿದು ಕರೆಯಬೇಕು. ಭಾನುವಾರ ಸಂಜೆ ಹೋಟೆಲಿನವನಿಗೆ ಬಿಡುವಿಲ್ಲವೆಂಬುದನ್ನು ಆಟದ ದಿನ ಗೊತ್ತುಮಾಡುವವರು ಮರೆಯತಕ್ಕದ್ದಲ್ಲ.

ವಾಚಕ ಬಂಧುಗಳಲ್ಲಿಯೂ ಒಂದು ಮಾತು. ಕರೆದವರ ಮರ್ಯಾದೆಯನ್ನು ಉಳಿಸುವುದು ಕರೆಸಿಕೊಂಡವರ ಧರ್ಮ. ಪರಿಚಯದವರೆಂದು ಪುಕ್ಕಟೆ ಪಾಸು ಕೇಳಬೇಡಿರಿ. ಗೌರವಪ್ರತಿಗಾಗಿ ಕೈ ಚಾಚಬೇಡಿರಿ. ಎರಡು ಆಟಗಳಲ್ಲಿ ಕೈ ಸುಟ್ಟುಕೊಂಡ ತಂಡವು ಮೂರನೆಯದನ್ನು ಆಡುವುದಿಲ್ಲ. ಸಾಲ ಮಾಡಿ ಅಚ್ಚು ಹಾಕಿಸಿದ ಪ್ರತಿಗಳು ಮಂಚದ ಕೆಳಗೆ ಗೆದ್ದಲು ಹಿಡಿದರೆ ಆ ಲೇಖಕನು ಲೇಖನಿಯನ್ನೇ ಕೆಳಗಿಡುವನು. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಕಲಿಯುತ್ತಿರುವ ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಮನೆಯ ಹೊರಗೆ ತುಂಬುಗನ್ನಡ ಕೇಳಿಸುವ ಸ್ಥಳ ಈ ರಂಗಸ್ಥಳವೊಂದೇ. ಅದು ಬರಿದಾದರೆ ನಷ್ಟ ಕಲಾವಿದರದು ಮಾತ್ರವಲ್ಲ.

ಆದುದರಿಂದ ಲೇಖಕರೂ ಕಲಾವಿದರೂ ಸಂಕೋಚ ತೊರೆದು ಹೊರಡಲಿ. ಬಾಗಿಲಿಗೆ ಬಂದವರನ್ನು ಕನ್ನಡಿಗರು ಕುಳ್ಳಿರಿಸಿ, ಒಂದು ಲೋಟ ಕಾಫಿ ಕೊಟ್ಟು, ಒಂದು ಟಿಕೇಟನ್ನು ಕೊಳ್ಳಲಿ.